ಹಾರುವ ಮುನ್ನ

ಗಾಡಿ ಹೂಡುವ ಮುನ್ನ ನಮ್ಮ ಹಳ್ಳಿಯ ರೈತನು ಅದರ ಸುತ್ತ ಒಮ್ಮೆ ನಡೆದು, ಅಚ್ಚಿನ ತುದಿಯ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದನು. ಆ ಚಿಕ್ಕ ಕೀಲು ಉದುರಿದರೆ ಗಾಲಿಯೇ ಕಳಚಿಬೀಳುವುದೆಂದು ಅವನು ಅರಿತಿದ್ದನು. ಆಕಾಶದಲ್ಲಿ ಸಂಚರಿಸುವ ಹೆಲಿಕಾಪ್ಟರಿನ ಚಾಲಕನಿಗೂ ಇದೇ ನಿಯಮವುಂಟು.

ಹೆಲಿಕಾಪ್ಟರಿಗೆ ವಿಮಾನದಂತೆ ಚಾಚಿದ ರೆಕ್ಕೆಗಳಿಲ್ಲ. ನೆತ್ತಿಯ ಮೇಲೆ ತಿರುಗುವ ಅಲಗುಗಳೇ ಅದರ ರೆಕ್ಕೆಗಳು. ಅವುಗಳ ಓರೆಯನ್ನು ಬದಲಿಸಿಯೇ ಚಾಲಕನು ಅದನ್ನು ಏರಿಸುತ್ತಾನೆ, ಇಳಿಸುತ್ತಾನೆ, ಮುಂದಕ್ಕೆ ಒಯ್ಯುತ್ತಾನೆ. ಅವನ ಕೈಯ ಚಲನೆಯು ಹಲವು ಸರಳುಗಳ, ಕೀಲುಗಳ ಮೂಲಕ ಅಲಗುಗಳನ್ನು ತಲುಪಬೇಕು. ಹಾರಾಟದ ನಡುವೆ ಎಂಜಿನ್ನು ನಿಂತರೂ, ಕೆಳಗಿನಿಂದ ನುಗ್ಗುವ ಗಾಳಿಯ ಬಲದಿಂದ ಅಲಗುಗಳು ತಿರುಗುತ್ತಿರುವಂತೆ ಮಾಡಿ, ಕುಶಲನಾದ ಚಾಲಕನು ನೆಲಕ್ಕಿಳಿಯಬಲ್ಲನು. ಆದರೆ ಕೀಲು ಕಳಚಿ ಅಲಗುಗಳು ಅವನ ಹತೋಟಿಯನ್ನು ಮೀರಿದರೆ ಕೌಶಲವು ನೆರವಾಗುವುದು ದುರ್ಲಭ.

2011ರ ಡಿಸೆಂಬರ್ 7ರಂದು ಅಮೆರಿಕದ ಲಾಸ್ ವೇಗಾಸ್ ನಗರದಿಂದ ಹೂವರ್ ಅಣೆಕಟ್ಟನ್ನು ತೋರಿಸಲು ಪ್ರವಾಸಿಗರನ್ನು ಕೊಂಡೊಯ್ದ ಹೆಲಿಕಾಪ್ಟರೊಂದು ಹಠಾತ್ತನೆ ಮೇಲೇರಿ, ಪಕ್ಕಕ್ಕೆ ತಿರುಗಿ, ಬೆಟ್ಟಗಳ ನಡುವೆ ಬಿದ್ದಿತು. ಚಾಲಕನೂ ನಾಲ್ವರು ಪ್ರವಾಸಿಗರೂ ಮಡಿದರು. ಹಿಂದಿನ ದಿನವಷ್ಟೇ ಅದರ ದುರಸ್ತಿ ನಡೆದಿತ್ತು. ನಿಯಂತ್ರಣದ ಸರಳೊಂದನ್ನು ಜೋಡಿಸುವಾಗ ಸವೆದ ನಟ್ಟನ್ನೇ ಮತ್ತೆ ಬಳಸಿದ್ದರು. ಅದು ಕಳಚದಂತೆ ತಡೆಯುವ ಪಿನ್ನನ್ನು ಸರಿಯಾಗಿ ಹಾಕಿರಲಿಲ್ಲ, ಇಲ್ಲವೆ ಹಾಕಿಯೇ ಇರಲಿಲ್ಲ ಎಂದು ತನಿಖೆಯು ತಿಳಿಸಿತು. ಕೆಲಸ ಮಾಡಿದವನೂ ಅದನ್ನು ಪರಿಶೀಲಿಸಿದವನೂ ದಣಿದಿದ್ದರು. ಅವರ ಮುಂದೆ ಕೆಲಸದ ಹಂತಗಳನ್ನು ಸ್ಪಷ್ಟವಾಗಿ ಬರೆದ ಪಟ್ಟಿಯೂ ಇರಲಿಲ್ಲ.

ಇಂತಹ ಲೋಪಗಳನ್ನು ತಡೆಯಲೆಂದೇ ಪರೀಕ್ಷೆಯ ಮೇಲೆ ಪರೀಕ್ಷೆ. ದುರಸ್ತಿ ಮಾಡಿದವನ ಕೆಲಸವನ್ನು ಮತ್ತೊಬ್ಬನು ನೋಡಬೇಕು. ಹಾರುವ ಮುನ್ನ ಚಾಲಕನೂ ಯಂತ್ರವನ್ನು ಸುತ್ತಿ ಬರಬೇಕು. ಅಲಗುಗಳಲ್ಲಿ ಬಿರುಕಿದೆಯೆ, ಎಣ್ಣೆ ಸೋರಿದೆಯೆ, ಬಾಲದ ಅಲಗುಗಳು ಸರಿಯಾಗಿವೆಯೆ, ಮುಚ್ಚಳಗಳು ಭದ್ರವಾಗಿವೆಯೆ ಎಂದು ನೋಡಬೇಕು. ಇಂಧನವನ್ನು ಗಾಜಿನ ಪಾತ್ರೆಗೆ ಸ್ವಲ್ಪ ಇಳಿಸಿ, ತಳದಲ್ಲಿ ನೀರು ನಿಂತಿದೆಯೆ ಎಂದು ಪರೀಕ್ಷಿಸಬೇಕು. ಇದೆಲ್ಲವನ್ನೂ ನೆನಪಿಗೆ ಬಿಡದೆ, ಲಿಖಿತ ಪಟ್ಟಿಯಂತೆ ನಡೆಸಬೇಕು. ಏಕೆಂದರೆ ನಿತ್ಯ ನೋಡಿದ ವಸ್ತುವನ್ನು ಕಣ್ಣು ನೋಡದೆಯೇ ನೋಡಿದೆನೆಂದು ನಂಬಿಸುತ್ತದೆ.

ನೂರು ದಿನ ನೋಡಿದರೂ ದೋಷ ಕಾಣದಿರಬಹುದು. ಆಗ "ಇಂದು ನೋಡದಿದ್ದರೇನು?" ಎಂಬ ಆಲಸ್ಯ ಮೂಡುವುದು ಸಹಜ. ನೂರ ಒಂದನೆಯ ದಿನವೂ ಬಾಗಿ ನೋಡುವವನೇ ನಿಜವಾದ ಚಾಲಕ. ಅವನ ಹಿಂದೆ ಕುಳಿತವರು ತಮ್ಮ ಪ್ರಾಣವನ್ನು ಒಪ್ಪಿಸಿರುವುದು ಯಂತ್ರಕ್ಕಲ್ಲ, ಆ ಎಚ್ಚರಕ್ಕೆ.