ದೀಪ ಹಚ್ಚಿದರೆ ಡೀಸೆಲ್ ಹೆಚ್ಚುವುದೇ?

ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತದೆ. ಅಲ್ಲಿ ಜನರನ್ನು ದಾಟಿಸುವ ಹರಿಗೋಲಿನಲ್ಲಿ ಮಾಪಕವೆಂಬುದು ಒಂದೂ ಇಲ್ಲ. ನೀರಿನ ಆಳವೆಷ್ಟು, ಸೆಳವೆಷ್ಟು ಎಂಬುದನ್ನು ಅಂಬಿಗನು ತನ್ನ ಕೈಯ ಹುಟ್ಟಿನಿಂದಲೇ ಅರಿಯುತ್ತಾನೆ. ಯಂತ್ರದ ದೋಣಿಯ ವಿಚಾರ ಹಾಗಲ್ಲ. ಎಂಜಿನ್ ಕಾದಿದೆಯೋ ಇಲ್ಲವೋ, ಎಣ್ಣೆಯ ಒತ್ತಡ ಸಾಕಷ್ಟಿದೆಯೋ, ಟ್ಯಾಂಕಿನಲ್ಲಿ ಡೀಸೆಲ್ ಉಳಿದಿದೆಯೋ ಎಂಬುದನ್ನೆಲ್ಲ ನಡೆಸುವವನು ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ನೋಡಿಯೇ ತಿಳಿಯಬೇಕು. ಆ ಮುಳ್ಳುಗಳು ಸುಳ್ಳು ಹೇಳತೊಡಗಿದರೆ ಏನು ಗತಿ? ಸಂಗಮದಿಂದ ಮೇಕೆದಾಟಿನವರೆಗಿನ ನೀರು ಬಂಡೆಗಳಿಂದಲೂ ಸುಳಿಗಳಿಂದಲೂ ಅನೇಕರ ಪ್ರಾಣ ಕೊಂಡಂತಹುದು. ಅಂತಹ ನೀರಿನಲ್ಲಿ ಎಂಜಿನ್ ನಿಂತ ದೋಣಿಯು ಹುಟ್ಟಿಲ್ಲದ ಹರಿಗೋಲಿಗಿಂತ ಕಡೆ.

ಉಯ್ಯಂಬಳ್ಳಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ತರಗತಿ ಮುಗಿದ ಮೇಲೆ ನಮ್ಮನ್ನು ಕಂಡನು. ಅವನ ಸೋದರಮಾವನು ಶರಾವತಿಯ ಹಿನ್ನೀರಿನ ಕಡೆಯಿಂದ ಹಳೆಯ ಫೈಬರ್‌ಗ್ಲಾಸ್ ದೋಣಿಯೊಂದನ್ನು ಕೊಂಡು, ದುರಸ್ತಿ ಮಾಡಿಸಿ ಮಾರುವ ಉದ್ದೇಶದಿಂದ ಮನೆಯ ಹಿಂದಿನ ಕಣದಲ್ಲಿ ಟ್ರ್ಯಾಕ್ಟರಿನ ಪಕ್ಕದಲ್ಲಿ ಇರಿಸಿದ್ದನಂತೆ. “ಡೀಸೆಲ್ ಮುಳ್ಳು ಸರಿಯಾಗಿ ತೋರಿಸುವುದಿಲ್ಲ, ಬಂದು ನೋಡುತ್ತೀರಾ ಸಾರ್?” ಎಂದು ಕೇಳಿದನು. ಓಮನ ನಿಯಮವನ್ನು ಹಲಗೆಯ ಮೇಲೆ ಬರೆದು ಬರೆದು ಬೇಸತ್ತಿದ್ದ ನಾವು ಸಂತೋಷದಿಂದಲೇ ಹೊರಟೆವು.

ಮೊದಲ ಭೇಟಿಯಲ್ಲಿ ನಾವು ಮಾಡಿದ್ದು ತಪ್ಪು. ಆ ತಪ್ಪಿನಲ್ಲಿಯೇ ಈ ಲೇಖನದ ಮುಖ್ಯ ಪಾಠ ಅಡಗಿರುವುದರಿಂದ ಅದನ್ನು ಮುಚ್ಚಿಡುವುದಿಲ್ಲ. ಹಗಲು ಹೊತ್ತು, ಎಲ್ಲ ಸ್ವಿಚ್ಚುಗಳೂ ಆರಿದ್ದವು. ಮಲ್ಟಿಮೀಟರಿನ ಒಂದು ಮೊನೆಯನ್ನು ಡ್ಯಾಶ್‌ಬೋರ್ಡಿಗೆ ಬರುವ ಧನ ತಂತಿಗೂ ಇನ್ನೊಂದನ್ನು ಹಿಂದಿರುಗುವ ತಂತಿಯ ಬೋಲ್ಟಿಗೂ ತಾಗಿಸಿದೆವು. 12.6 ವೋಲ್ಟ್ ತೋರಿಸಿತು. ವಿಶ್ರಾಂತಿಯಲ್ಲಿರುವ, ಪೂರ್ತಿ ಚಾರ್ಜಾದ ಸೀಸ-ಆಮ್ಲ ಬ್ಯಾಟರಿಯ ವಿಭವಾಂತರ ಅಷ್ಟೇ. ತಂತಿಗಳು ನಿರ್ದೋಷಿಗಳೆಂದು ತೀರ್ಮಾನಿಸಿ, ದೋಷ ಟ್ಯಾಂಕಿನೊಳಗಿನ ಫ್ಲೋಟಿನದೇ ಎಂದು ಹೇಳಿ, ಬೆಂಗಳೂರಿನಿಂದ ಹೊಸದನ್ನು ತರಿಸಿ ಜೋಡಿಸಿದೆವು. ಹಣವೂ ಒಂದು ವಾರವೂ ವೆಚ್ಚವಾದವು. ರೋಗ ಹಾಗೆಯೇ ಉಳಿಯಿತು.

ಎರಡನೆಯ ಸಲ ಹೋದಾಗ ಸಂಜೆಯಾಗಿತ್ತು. ಬೆಳಕಿಗೆಂದು ಹುಡುಗನು ದೋಣಿಯ ದೀಪಗಳ ಸ್ವಿಚ್ಚನ್ನು ಒತ್ತಿದನು. ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ ಅವನ ತಾತ ನಕ್ಕು, “ನೋಡಿ ಮೇಷ್ಟ್ರೇ, ಲೈಟ್ ಹಾಕುದ್ರೆ ಡೀಸೆಲ್ ಜಾಸ್ತಿ ಆಯ್ತದೆ! ಇದ್ಯಾವ ಸೀಮೆ ದೋಣಿ!” ಎಂದರು. ನೋಡಿದರೆ ನಿಜ. ಖಾಲಿಯ ಹತ್ತಿರವಿದ್ದ ಮುಳ್ಳು ಕಾಲು ಭಾಗಕ್ಕೆ ಏರಿ ನಿಂತಿತ್ತು. ಅಷ್ಟೇ ಅಲ್ಲ, ಎಂಜಿನ್ ನಿಂತಿದ್ದರೂ ಎಣ್ಣೆಯ ಒತ್ತಡದ ಮುಳ್ಳು ಸೊನ್ನೆಯಿಂದ ಮೇಲೆದ್ದಿತ್ತು. ಉಷ್ಣತೆಯ ಮುಳ್ಳೂ ಅಷ್ಟಿಷ್ಟು ಸರಿದಿತ್ತು. ತಿರುಗದ ಎಂಜಿನಿನಲ್ಲಿ ಎಣ್ಣೆಯ ಒತ್ತಡ ಎಲ್ಲಿಂದ ಬಂದೀತು?

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಮೂರು ಮಾಪಕಗಳಿಗೆ ಮೂರು ಬೇರೆ ಬೇರೆ ಸಂವೇದಕಗಳಿವೆ. ಒಂದು ಟ್ಯಾಂಕಿನಲ್ಲಿದೆ, ಇನ್ನೆರಡು ಎಂಜಿನಿನ ಎರಡು ಕಡೆ ಇವೆ. ಮೂರೂ ಒಂದೇ ಗಳಿಗೆಯಲ್ಲಿ, ಒಂದೇ ದಿಕ್ಕಿನಲ್ಲಿ ಕೆಡುವುದು ಅಸಂಭವ. ಆದಕಾರಣ ದೋಷವು ಮೂರಕ್ಕೂ ಸಮಾನವಾದ ಭಾಗದಲ್ಲಿರಬೇಕು. ಹಾಗೆ ಸಮಾನವಾಗಿರುವುವು ಎರಡೇ: ಧನ ತಂತಿ ಮತ್ತು ಹಿಂದಿರುಗುವ ತಂತಿ. ಒಂದೇ ಮುಳ್ಳು ಕೆಟ್ಟಿದ್ದರೆ ಸಂವೇದಕವನ್ನು ಸಂಶಯಿಸಬಹುದು. ಎಲ್ಲವೂ ಕೂಡಿ ಕೆಟ್ಟರೆ ಮೊದಲು ತಂತಿಯನ್ನು ನೋಡಬೇಕು. ನಾವು ಹಗಲಿನಲ್ಲಿ ಒಂದೇ ಮುಳ್ಳನ್ನು ನೋಡಿ ಮೋಸಹೋಗಿದ್ದೆವು.

ಈ ಮಾಪಕದ ರಚನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಹಳೆಯ ದೋಣಿಗಳಲ್ಲಿ ಕಾಣುವ ಅನೇಕ ಮಾಪಕಗಳಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ಓರೆಯಾಗಿ ಇರುತ್ತವೆ. ನಡುವೆ ಮುಳ್ಳಿಗೆ ಅಂಟಿದ ಪುಟ್ಟ ಕಾಂತವಿರುತ್ತದೆ. ಮೊದಲನೆಯ ಸುರುಳಿ ಬ್ಯಾಟರಿಯ ಧನ ತಂತಿಯಿಂದ ಒಂದು ಸಂಧಿಗೆ ಬರುತ್ತದೆ. ಅಲ್ಲಿಂದ ಪ್ರವಾಹಕ್ಕೆ ಎರಡು ದಾರಿಗಳು: ಎರಡನೆಯ ಸುರುಳಿಯ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುಗುವ ತಂತಿಗೆ ಒಂದು, ಟ್ಯಾಂಕಿನ ಫ್ಲೋಟಿಗೆ ಜೋಡಿಸಿದ ಬದಲಾಗುವ ರೋಧದ ಮೂಲಕ ಇನ್ನೊಂದು. ಎರಡು ಸುರುಳಿಗಳ ಕಾಂತಕ್ಷೇತ್ರಗಳು ಕೂಡಿ ಯಾವ ದಿಕ್ಕನ್ನು ತೋರುವುವೋ ಮುಳ್ಳು ಆ ದಿಕ್ಕಿಗೆ ತಿರುಗುತ್ತದೆ. ಎಂದರೆ ಮುಳ್ಳಿನ ಸ್ಥಾನವನ್ನು ನಿರ್ಧರಿಸುವುದು ಪ್ರವಾಹಗಳ ಪ್ರಮಾಣವಲ್ಲ, ಅವುಗಳ ನಿಷ್ಪತ್ತಿ.

ಲೆಕ್ಕದ ಸೌಕರ್ಯಕ್ಕಾಗಿ ಪ್ರತಿ ಸುರುಳಿಯ ರೋಧವೂ 100 ಓಂ ಎಂದಿಟ್ಟುಕೊಳ್ಳೋಣ. ಸಂಧಿಯಿಂದ ಹೊರಡುವ ಎರಡು ದಾರಿಗಳಿಗೂ ವಿಭವಾಂತರ ಒಂದೇ ಆದ್ದರಿಂದ, ಮೊದಲ ಸುರುಳಿಯ ಪ್ರವಾಹವನ್ನು ಎರಡನೆಯದರಿಂದ ಭಾಗಿಸಿದರೆ 1ಕ್ಕೆ 100/ರೋಧ ಸೇರಿಸಿದಷ್ಟು ಬರುತ್ತದೆ; ಇಲ್ಲಿ ರೋಧವೆಂದರೆ ಫ್ಲೋಟಿನದು. ಈ ಸೂತ್ರದಲ್ಲಿ ಬ್ಯಾಟರಿಯ ವೋಲ್ಟೇಜು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿರಿ. ಬ್ಯಾಟರಿ 12 ವೋಲ್ಟಿಗೆ ಇಳಿದರೂ, ಆಲ್ಟರ್ನೇಟರ್ ಚಾರ್ಜು ಮಾಡುವಾಗ 14ಕ್ಕೆ ಏರಿದರೂ ಮುಳ್ಳು ಅಲುಗುವುದಿಲ್ಲ. ಇದನ್ನು ಕಲ್ಪಿಸಿದವನ ಜಾಣ್ಮೆಗೆ ತಲೆದೂಗಲೇಬೇಕು. ಅಮೆರಿಕದ ಪದ್ಧತಿಯ ಫ್ಲೋಟಿನಲ್ಲಿ ಟ್ಯಾಂಕು ಖಾಲಿಯಾದಾಗ ರೋಧವು ಸುಮಾರು 240 ಓಂ, ತುಂಬಿದಾಗ ಸುಮಾರು 33 ಓಂ. ಆಗ ನಿಷ್ಪತ್ತಿಯು ಖಾಲಿಗೆ 1.4, ತುಂಬಿದ್ದಕ್ಕೆ 4.0 ಆಗುತ್ತದೆ. ಯೂರೋಪಿನ ಪದ್ಧತಿ ಇದಕ್ಕೆ ವಿರುದ್ಧ: ಖಾಲಿಗೆ 10 ಓಂ, ತುಂಬಿದ್ದಕ್ಕೆ 180 ಓಂ. ಒಂದರ ಫ್ಲೋಟನ್ನು ಇನ್ನೊಂದರ ಮಾಪಕಕ್ಕೆ ಜೋಡಿಸಿ ತಲೆ ಕೆರೆದುಕೊಂಡವರು ಬಹಳ ಮಂದಿ.

ಆದರೆ ಈ ಜಾಣ್ಮೆಗೆ ಒಂದು ಷರತ್ತಿದೆ. ಎರಡನೆಯ ಸುರುಳಿಯ ತುದಿಯೂ ಫ್ಲೋಟಿನ ತುದಿಯೂ ಒಂದೇ ವಿಭವದಲ್ಲಿ, ಎಂದರೆ ಬ್ಯಾಟರಿಯ ಋಣ ತುದಿಯ ವಿಭವದಲ್ಲಿ ಇರಬೇಕು. ಡ್ಯಾಶ್‌ಬೋರ್ಡಿನ ಹಿಂದಿರುಗುವ ತಂತಿಯಲ್ಲಿ ಎಲ್ಲಿಯೋ ಒಂದು ಬೆಸುಗೆ ಕೆಟ್ಟು 0.5 ಓಂ ರೋಧ ಹುಟ್ಟಿದೆ ಎಂದುಕೊಳ್ಳಿ. ಹಗಲಿನಲ್ಲಿ ಮಾಪಕಗಳು ಮಾತ್ರ ಕೆಲಸ ಮಾಡುವಾಗ ಅದರಲ್ಲಿ ಹರಿಯುವುದು ಕಾಲು ಆಂಪಿಯರ್. ವಿಭವದ ನಷ್ಟ 0.125 ವೋಲ್ಟ್. ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪಗಳನ್ನು ಹಚ್ಚಿದೊಡನೆ 4 ಆಂಪಿಯರ್ ಅದೇ ಬೆಸುಗೆಯಲ್ಲಿ ನುಗ್ಗುತ್ತದೆ. ನಷ್ಟ 2 ವೋಲ್ಟಿಗೆ ಏರುತ್ತದೆ. ಡ್ಯಾಶ್‌ಬೋರ್ಡಿನ ‘ನೆಲ’ವೇ 2 ವೋಲ್ಟ್ ಮೇಲೆದ್ದು ನಿಲ್ಲುತ್ತದೆ, ಟ್ಯಾಂಕಿನ ನೆಲವು ಮಾತ್ರ ಇದ್ದಲ್ಲೇ ಇರುತ್ತದೆ. ಈಗ ಖಾಲಿ ಟ್ಯಾಂಕಿನ 240 ಓಂ ಇಟ್ಟು, ಬ್ಯಾಟರಿಗೆ 12 ವೋಲ್ಟ್ ಎಂದು ಹಿಡಿದು ಲೆಕ್ಕಮಾಡಿದರೆ ಸಂಧಿಯ ವಿಭವ 5.8 ವೋಲ್ಟ್, ಮೊದಲ ಸುರುಳಿಯಲ್ಲಿ 62 ಮಿಲಿಆಂಪಿಯರ್, ಎರಡನೆಯದರಲ್ಲಿ 38 ಮಿಲಿಆಂಪಿಯರ್, ನಿಷ್ಪತ್ತಿ 1.64. ಫ್ಲೋಟಿನ ರೋಧ 156 ಓಂ ಇದ್ದಾಗ ಬರಬೇಕಾದ ನಿಷ್ಪತ್ತಿ ಇದು. ಆ ರೋಧಕ್ಕೆ ಮಾಪಕದ ಮೇಲೆ ಬರೆದಿರುವುದು ಕಾಲು ಟ್ಯಾಂಕು! ತಾತನವರ ಮಾತು ಅಕ್ಷರಶಃ ಸರಿ. ಇಂತಹ ದೋಣಿಯನ್ನು ಹಗಲಿನಲ್ಲಿ ಪರೀಕ್ಷಿಸಿ, ಸರಿಯಿದೆಯೆಂದು ನಂಬಿ, ರಾತ್ರಿ ದೀಪ ಹಚ್ಚಿಕೊಂಡು ನೀರಿಗಿಳಿದವನು ಇಲ್ಲದ ಡೀಸೆಲನ್ನು ಇದೆಯೆಂದು ನೆಚ್ಚಿ ಹೋಗುತ್ತಾನೆ.

ನಮ್ಮ ಮಲ್ಟಿಮೀಟರು ಮೊದಲ ದಿನ ಇದನ್ನೇಕೆ ಹಿಡಿಯಲಿಲ್ಲ? ಅದರ ಒಳರೋಧ 10 ಮೆಗಓಂ, ಎಂದರೆ 1 ಕೋಟಿ ಓಂ. ಅದು ಎಳೆಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು. ಅಷ್ಟು ಕ್ಷೀಣ ಪ್ರವಾಹಕ್ಕೆ ಅರ್ಧ ಓಮಿನ ಅಡ್ಡಿ ಅಡ್ಡಿಯೇ ಅಲ್ಲ. ಮುಚ್ಚಿಹೋಗುತ್ತಿರುವ ನಲ್ಲಿಯಲ್ಲಿ ಒಂದೊಂದೇ ಹನಿ ತೊಟ್ಟಿಕ್ಕುವುದನ್ನು ನೋಡಿ ಕೊಡ ತುಂಬೀತೆಂದು ನಂಬಿದಂತೆ ನಾವು ಮಾಡಿದ್ದೆವು. ಹೊರೆಯಿಲ್ಲದೆ ಅಳೆದ ವೋಲ್ಟೇಜಿನಿಂದ ಬೆಸುಗೆಯ ಗುಣ ತಿಳಿಯುವುದಿಲ್ಲ. ಹಳ್ಳಿಯ ಮೆಕ್ಯಾನಿಕ್ಕುಗಳು ಜೇಬಿನಲ್ಲಿಟ್ಟುಕೊಳ್ಳುವ, ಎರಡು ತಂತಿ ಕಟ್ಟಿದ ಸಾಮಾನ್ಯ ಬಲ್ಬು ಈ ಕೆಲಸಕ್ಕೆ ಎಷ್ಟೋ ಮೇಲು. 12 ವ್ಯಾಟಿನ ಬಲ್ಬು 1 ಆಂಪಿಯರ್ ಎಳೆಯುತ್ತದೆ, ಬೆಸುಗೆ ಕೆಟ್ಟಿದ್ದರೆ ಮಂಕಾಗುತ್ತದೆ.

ಆ ಸಂಜೆ ದೀಪಗಳನ್ನು ಉರಿಸಿಯೇ ಅಳೆದೆವು. ಬ್ಯಾಟರಿಯ ತುದಿಗಳ ನಡುವೆ 12.4; ಬ್ಯಾಟರಿ ಗಟ್ಟಿಯಾಗಿದೆ. ಡ್ಯಾಶ್‌ಬೋರ್ಡಿನಲ್ಲಿ 10.3. ಹಾಗಾದರೆ 2.1 ವೋಲ್ಟ್ ದಾರಿಯಲ್ಲಿ ಕಳೆದಿದೆ. ಬ್ಯಾಟರಿಯ ಧನ ತುದಿಯಿಂದ ಡ್ಯಾಶ್‌ಬೋರ್ಡಿನ ಧನ ತಂತಿಗೆ 0.1, ಋಣದ ಕಡೆ 2.0. ಕಳ್ಳ ಯಾವ ದಾರಿಯಲ್ಲಿದ್ದಾನೆಂದು ಗೊತ್ತಾಯಿತು. ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಯಲ್ಲೇ ಇರಿಸಿ ಇನ್ನೊಂದನ್ನು ತಂತಿಯುದ್ದಕ್ಕೂ ಒಂದೊಂದೇ ಕೂಡುಗಡೆ ಮುಂದೆ ಸರಿಸಿದೆವು: 0.02, 0.03, 0.05, ತರುವಾಯ ತಟ್ಟನೆ 1.95. ಆಸನದ ಕೆಳಗೆ, ತಳದ ನೀರು ನಿಲ್ಲುವ ಜಾಗಕ್ಕೆ ಗೇಣು ದೂರದಲ್ಲಿ, ಟೇಪು ಸುತ್ತಿದ ಒಂದು ಕೂಡುಗಡೆ. ಮುಟ್ಟಿದರೆ ಬೆಚ್ಚಗಿತ್ತು. ಆಶ್ಚರ್ಯವಿಲ್ಲ; 4 ಆಂಪಿಯರಿನ ವರ್ಗವನ್ನು 0.5ರಿಂದ ಗುಣಿಸಿದರೆ 8 ವ್ಯಾಟ್ ಶಾಖ ಆ ಹೆಬ್ಬೆರಳಿನಷ್ಟು ಜಾಗದಲ್ಲಿ ಹುಟ್ಟುತ್ತಿತ್ತು.

ಬ್ಯಾಟರಿಯ ಋಣ ತಂತಿಯನ್ನು ಕಳಚಿಟ್ಟು ಟೇಪು ಬಿಚ್ಚಿದಾಗ ಒಳಗೆ ತಾಮ್ರವಿರಲಿಲ್ಲ, ಹಸುರು ಪುಡಿಯಿತ್ತು. ತೇವ ಮತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕೂಡಿ ತಾಮ್ರವನ್ನು ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತವೆ, ಅದು ವಾಹಕವಲ್ಲ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಎಳೆಎಳೆಯಾದ ತಂತಿಯೊಳಗೆ ನೀರು ಹೊದಿಕೆಯಡಿಯಲ್ಲಿ ಬಹುದೂರ ಏರುತ್ತದೆ. ಆದುದರಿಂದ ಕಪ್ಪಾದ ತಂತಿಯನ್ನು ಹೊಳಪು ಕಾಣುವವರೆಗೆ ಕತ್ತರಿಸುತ್ತಾ ಹೋಗಬೇಕು. ದೋಣಿಗೆಂದೇ ತಯಾರಿಸುವ ತಂತಿಯಲ್ಲಿ ಪ್ರತಿ ಎಳೆಗೂ ತವರದ ಲೇಪವಿರುವುದು ಈ ಕಾರಣಕ್ಕೇ.

ಆ ಕೂಡುಗಡೆಯಿಂದ ಇನ್ನೊಂದು ತಂತಿ ಹೊರಟು ದೋಣಿಯ ಒಡಲಿಗೆ ಬೋಲ್ಟು ಹಾಕಿ ಬಿಗಿಯಲ್ಪಟ್ಟಿತ್ತು. ಹಿಂದೆ ಯಾರೋ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಾಡಿದ ಕೆಲಸವಿರಬೇಕು. ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಒಡಲೇ ಹಿಂದಿರುಗುವ ತಂತಿ. ಎಲ್ಲಿ ಬೋಲ್ಟು ಬಿಗಿದರೂ ‘ಅರ್ತ್’ ಸಿಗುತ್ತದೆ. ಫೈಬರ್‌ಗ್ಲಾಸ್ ಒಡಲಿಗೆ ಬಿಗಿದರೆ ಆ ಅರ್ತಿಗೆ ಅರ್ಥವೇ ಇಲ್ಲ. ಅದು ಗಾಜು ಮತ್ತು ಅಂಟಿನ ಹಾಳೆ, ಉತ್ತಮ ನಿರೋಧಕ. ದೋಣಿಯಲ್ಲಿ ಪ್ರತಿಯೊಂದು ಉಪಕರಣಕ್ಕೂ ಬ್ಯಾಟರಿಯವರೆಗೆ ಎರಡನೆಯ ತಂತಿ ಬೇಕೇ ಬೇಕು. ಲೋಹದ ದೋಣಿಯಲ್ಲಿಯೂ ಒಡಲನ್ನು ತಂತಿಯಾಗಿ ಬಳಸಬಾರದು. ಪ್ರವಾಹವು ಲೋಹದಿಂದ ನೀರಿಗೆ ದಾಟುವಲ್ಲಿ ವಿದ್ಯುದ್ವಿಶ್ಲೇಷಣೆ ನಡೆಯುತ್ತದೆ. ಫ್ಯಾರಡೆಯ ನಿಯಮದಂತೆ 1 ಆಂಪಿಯರ್ ಒಂದು ಗಂಟೆ ಹೀಗೆ ಹರಿದರೆ ಸುಮಾರು 1 ಗ್ರಾಂ ಕಬ್ಬಿಣ ಕರಗಿಹೋಗಬಲ್ಲದು.

ದುರಸ್ತಿಯ ವಿಚಾರದಲ್ಲಿ ಹೇಳುವುದು ಹೆಚ್ಚಿಲ್ಲ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ 5 ಮೀಟರ್ ಉದ್ದದ, 4 ಚದರ ಮಿಲಿಮೀಟರ್ ದಪ್ಪದ ಹೊಸ ತಂತಿಯನ್ನು ನಡುವೆ ಕೂಡುಗಡೆಯಿಲ್ಲದೆ ಎಳೆದು, ಬೋಲ್ಟುಗಳನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದೆವು. ತಾಮ್ರದ ರೋಧಶೀಲತೆಯಿಂದ ಲೆಕ್ಕಹಾಕಿದರೆ ಆ ತಂತಿಯ ರೋಧ 0.02 ಓಂ, 4 ಆಂಪಿಯರಿಗೆ ನಷ್ಟ 0.09 ವೋಲ್ಟ್. ಅಳೆದಾಗ 0.1 ಬಂದಿತು.

ಒಂದೇ ಮುಳ್ಳು ಕೆಟ್ಟಿದ್ದರೆ ಮಾಡಬೇಕಾದ ಪರೀಕ್ಷೆಯನ್ನೂ ಹುಡುಗನಿಗೆ ತೋರಿಸಿದೆವು. ಮಾಪಕದ ಹಿಂಬದಿಯಿಂದ ಫ್ಲೋಟಿನ ತಂತಿಯನ್ನು ಬಿಡಿಸಿದರೆ ಈ ಬಗೆಯ ಮುಳ್ಳು ಖಾಲಿಗಿಂತ ಕೆಳಗೆ ಬೀಳಬೇಕು. ಆ ತುದಿಯನ್ನು ಹಿಂದಿರುಗುವ ತಂತಿಗೆ ಕ್ಷಣಕಾಲ ತಾಗಿಸಿದರೆ ತುಂಬಿದ ಗುರುತನ್ನು ದಾಟಬೇಕು. ಎರಡೂ ಆದರೆ ಮಾಪಕ ಆರೋಗ್ಯವಾಗಿದೆ, ದೋಷ ಫ್ಲೋಟಿನಲ್ಲೋ ಅದರ ತಂತಿಯಲ್ಲೋ ಇದೆ. ಏಕೆ ಹೀಗೆಂಬುದನ್ನು ಮೇಲಿನ ಸೂತ್ರದಲ್ಲಿ ರೋಧವನ್ನು ಅನಂತವೆಂದೂ ಸೊನ್ನೆಯೆಂದೂ ಇಟ್ಟು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಲಿ. ಬಿಸಿಯಿಂದ ಬಾಗುವ ಲೋಹದ ಪಟ್ಟಿಯ ಮೇಲೆ ನಡೆಯುವ ನಿಧಾನದ ಮಾಪಕಗಳಲ್ಲಿ ಹೀಗೆ ನೇರವಾಗಿ ತಾಗಿಸಿ ಹಿಡಿದರೆ ಪಟ್ಟಿ ಸುಟ್ಟೀತು. ಪೆಟ್ರೋಲ್ ದೋಣಿಯಾದರೆ ಇನ್ನೊಂದು ಎಚ್ಚರ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ತಳದಲ್ಲಿ ಕಾಣದೆ ನಿಂತಿರುತ್ತದೆ. ಅಲ್ಲಿ ಒಂದು ಕಿಡಿ ಹಾರಿದರೆ ಮಾಪಕ ನೋಡಲು ಯಾರೂ ಉಳಿಯುವುದಿಲ್ಲ. ಮೊದಲು ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಿಸಿಯೇ ತಂತಿಗೆ ಕೈಹಾಕಬೇಕು.

ಕತ್ತಲಾಗಿತ್ತು. ಬ್ಯಾಟರಿಯ ತಂತಿಯನ್ನು ಮರಳಿ ಜೋಡಿಸಿ ದೀಪ ಹಾಕಿದೆವು. ದೀಪಗಳು ಮೊದಲಿಗಿಂತ ಬೆಳ್ಳಗೆ ಉರಿದವು. ಮೂರು ಮುಳ್ಳುಗಳೂ ಕದಲಲಿಲ್ಲ. ಡೀಸೆಲ್ ಮುಳ್ಳು ಖಾಲಿಯ ಗೆರೆಯ ಮೇಲೇ ಮಲಗಿತ್ತು. ತಾತನವರು ನಂಬದೆ ಒಂದು ಬಿದಿರುಕಡ್ಡಿ ತಂದು ಟ್ಯಾಂಕಿನೊಳಗೆ ಇಳಿಸಿದರು. ಕಡ್ಡಿಯ ತುದಿ ಬೆರಳಗಲದಷ್ಟು ಮಾತ್ರ ತೊಯ್ದಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದಲ್ಲಿದ್ದ ಟ್ರ್ಯಾಕ್ಟರಿನ ಕಡೆ ತಿರುಗಿ, “ಅದ್ರಲ್ಲೂ ಲೈಟ್ ಹಾಕುದ್ರೆ ಬಿಸಿ ಮುಳ್ಳು ಮ್ಯಾಕ್ಕೆ ಹೋಯ್ತದಲ್ಲಾ ಮೇಷ್ಟ್ರೇ” ಎಂದರು. ಹುಡುಗನು ಆಗಲೇ ಮಲ್ಟಿಮೀಟರನ್ನು ಹಿಡಿದು ಅದರ ಕೆಳಗೆ ನುಸುಳಿದ್ದನು.