ಮಂಗಳೂರಿಗೆ ಹೋಗೋಣ ಬನ್ನಿ

ಮಕ್ಕಳೇ, ರತ್ನಗಿರಿಯ ಕೋಟೆಬೆಟ್ಟ ಹತ್ತಿ ಸುತ್ತಲೂ ನೋಡಿದರೆ ನಿಮಗೆ ಏನೇನು ಕಾಣುತ್ತದೆ? ಬಂಡೆಗಳು, ಕಡಲೆಕಾಯಿ ಹೊಲಗಳು, ಕೆರೆ. ಕಡಲು ಮಾತ್ರ ಕಾಣುವುದಿಲ್ಲ. ಅದನ್ನು ನೋಡಲು ಶಿರಾ, ತುಮಕೂರು, ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನು ಇಳಿದು ಮಂಗಳೂರಿಗೆ ಹೋಗಬೇಕು. ಬನ್ನಿ, ಹೋಗೋಣ.

ಬೆಳಗಾಗುತ್ತಲೇ ಹಳೆಯ ಬಂದರಿಗೆ ನಡೆಯಿರಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಜಾಗವಿದು. ಮೀನುದೋಣಿಗಳು ಬಂದು ನಿಲ್ಲುವ ಕಟ್ಟೆಗೆ ಇಲ್ಲಿಯವರು ‘ದಕ್ಕೆ’ ಎನ್ನುತ್ತಾರೆ. ದೋಣಿಗಳಿಂದ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳು ಬುಟ್ಟಿಬುಟ್ಟಿಯಾಗಿ ಇಳಿಯುತ್ತವೆ. ಕೂಡಲೇ ಹರಾಜು! ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳು ಒಟ್ಟಿಗೇ ಕೇಳಿಸುತ್ತವೆ. ಹೆಂಗಸರು ಮೀನನ್ನು ಆರಿಸಿ, ಬುಟ್ಟಿ ತುಂಬಿಕೊಂಡು ಮಾರಲು ಹೊರಡುತ್ತಾರೆ. ನೆಲ ಜಾರುತ್ತದೆ, ಹುಷಾರು!

ಆದರೆ ಜೂನ್ 1ರಿಂದ ಜುಲೈ 31ರವರೆಗೆ ಹೋದರೆ ಈ ಗದ್ದಲ ಇರುವುದಿಲ್ಲ. ಆಗ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದ ಕಡಲು ಅಪಾಯದ್ದು. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಆ ಎರಡು ತಿಂಗಳು ದುಡಿಮೆಯಿಲ್ಲದೆ ಎಷ್ಟೋ ಮನೆಗಳಲ್ಲಿ ಕೈ ಬಿಗಿಯಾಗುತ್ತದೆ. ಆದರೂ ಮೀನುಗಾರರು ಹರಿದ ಬಲೆಗಳನ್ನು ಸರಿಪಡಿಸುತ್ತ ಕಾಯುತ್ತಾರೆ. ಬಲೆಯ ಕಣ್ಣು ತೀರ ಚಿಕ್ಕದಾದರೆ ಮರಿಮೀನುಗಳೂ ಸಿಕ್ಕಿಬೀಳುತ್ತವೆ. ಬಿತ್ತನೆಗೆ ಇಟ್ಟ ಕಡಲೆಕಾಯಿಯನ್ನೇ ಹುರಿದು ತಿಂದರೆ ಮುಂದಿನ ವರ್ಷ ಬಿತ್ತುವುದೇನನ್ನು? ಇದೂ ಹಾಗೆಯೇ.

ಇನ್ನು ಬೋಳೂರಿಗೆ ಹೋಗೋಣ. ಗುರುಪುರ ನದಿಯ ದಡದಲ್ಲಿ ಕಪ್ಪು ಕಲ್ಲಿನ ‘ಸುಲ್ತಾನ್ ಬತ್ತೇರಿ’ ನಿಂತಿದೆ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕಟ್ಟಿಸಿದನು. ಗೋಡೆಯ ಕಿಂಡಿಗಳಲ್ಲಿ ಇಣುಕಿ ನೋಡಿ. ತುಪಾಕಿ ಹಿಡಿದ ಕಾವಲುಗಾರನಿಗೆ ನದಿ ಹೇಗೆ ಕಾಣುತ್ತಿತ್ತೆಂದು ತಿಳಿಯುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಊರು ಇಂಗ್ಲಿಷರ ವಶವಾಯಿತು.

ಪರದೇಶದಿಂದ ಬಂದವರೆಲ್ಲ ಯುದ್ಧಕ್ಕೇ ಬರಲಿಲ್ಲ. ಧರ್ಮಪ್ರಚಾರಕ್ಕಾಗಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಅದೇ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟ್ಟೆಲ್ ಅವರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ.

ಇಲ್ಲಿಯ ಹಳೆಯ ಮನೆಗಳಿಗೆಲ್ಲ ಇಳಿಜಾರಾದ ಕೆಂಪು ಹೆಂಚಿನ ಮಾಡು. ಏಕೆ ಗೊತ್ತೇ? ನಮ್ಮ ಸೀಮೆಯಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತದೆ! ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿ ದಡದ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ಸುಟ್ಟರೆ ಹೆಂಚು ಸಿದ್ಧ. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವುದರಿಂದ ನೀರು ಒಳಗಿಳಿಯದು. ಮಂಗಳೂರು ಹೆಂಚು ಹಡಗೇರಿ ದೂರದೇಶಗಳಿಗೂ ಹೋಯಿತು. ಕಾಂಕ್ರೀಟು ಬಂದ ಮೇಲೆ ಎಷ್ಟೋ ಕಾರ್ಖಾನೆಗಳು ಮುಚ್ಚಿಹೋದವು.

ನಿಮ್ಮ ಊರಿನ ಹಳೆಯ ಮನೆಯಿಂದ ಇಳಿಸಿಟ್ಟ ಇಂತಹ ಹೆಂಚು ಸಿಕ್ಕರೆ ತಿರುಗಿಸಿ ನೋಡಿ. ಬೆನ್ನ ಮೇಲೆ ಕಾರ್ಖಾನೆಯ ಹೆಸರು ಮೂಡಿರಬಹುದು. ಅಕ್ಷರಗಳು ಇಂಗ್ಲಿಷಿನಲ್ಲಿದ್ದರೆ ನಿಮ್ಮ ಗುರುಗಳಿಂದ ಓದಿಸಿಕೊಳ್ಳಿ.