ಗಾಳಿಯ ಧೂಳಿಯೂ ದಿನದ ಹೊತ್ತುಗಳೂ

ಮಾಗಿಯ ಮುಂಜಾನೆ ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ, ಹೊಗೆಯು ಬಿಳಿಯ ವಸ್ತ್ರವನ್ನು ಹಾಸಿದಂತೆ ತೆಂಗಿನ ಮರಗಳ ತಲೆಗಿಂತ ಕೆಳಗೇ ನಿಂತಿರುವುದನ್ನು ನೀವು ನೋಡಿರಬಹುದು. ಮಧ್ಯಾಹ್ನ ಅದೇ ದಾರಿಯಲ್ಲಿ ಹಿಂದಿರುಗುವಾಗ ಅದು ಕಾಣುವುದಿಲ್ಲ. ಒಲೆಗಳು ಆರಿದುದೊಂದೇ ಇದಕ್ಕೆ ಕಾರಣವೋ? ಅಲ್ಲ.

ರಾತ್ರಿಯಲ್ಲಿ ನೆಲವು ಶಾಖವನ್ನು ಕಳೆದುಕೊಂಡು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ನಿಲ್ಲುವುದರಿಂದ ಹೊಗೆಯು ಮೇಲೇರಲಾರದು. ಅದೇ ಹೊತ್ತಿಗೆ ಬಚ್ಚಲೊಲೆಗಳು ಉರಿಯುತ್ತವೆ. ಅಂಗಳದ ತರಗೆಲೆಗೆ ಬೆಂಕಿ ಬೀಳುತ್ತದೆ. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ವಾಹನಗಳು ಹೆಚ್ಚುತ್ತವೆ. ಬಿಸಿಲೇರಿ ನೆಲವು ಕಾದ ಮೇಲೆ ಬಿಸಿಗಾಳಿಯು ಮೇಲೆದ್ದು ಆ ಮುಚ್ಚಳವನ್ನು ಒಡೆಯುತ್ತದೆ. ಕಡಲಗಾಳಿಯೂ ಬೀಸತೊಡಗಿ ಧೂಳಿಯನ್ನು ಚದರಿಸುತ್ತದೆ. ಸಂಜೆ ನೆಲವು ತಣಿಯುತ್ತಲೇ ಅದು ಮತ್ತೆ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಾದರೋ ಬಲವಾದ ಗಾಳಿಯೂ ಮಳೆಯೂ ಅದನ್ನು ನಿಲ್ಲಗೊಡುವುದಿಲ್ಲ.

ಈ ಧೂಳಿಯಲ್ಲಿ ೨.೫ ಮೈಕ್ರೋಮೀಟರಿಗಿಂತ ಸಣ್ಣವಾದ ಕಣಗಳೇ ಹೆಚ್ಚು ಅಪಾಯಕರವಾದವು. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟೇ ಇರುವ ಇವು ಶ್ವಾಸಕೋಶದ ಒಳತುದಿಯ ವರೆಗೂ ಹೋಗುತ್ತವೆ. ೨೦೦೯ರಲ್ಲಿ ನಮ್ಮ ದೇಶವು ಇವುಗಳಿಗೆ ೨೪ ತಾಸುಗಳ ಸರಾಸರಿ ಮಿತಿಯನ್ನು ಘನಮೀಟರಿಗೆ ೬೦ ಮೈಕ್ರೋಗ್ರಾಂ ಎಂದು ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಕೇವಲ ೧೫ ಎಂದಿತು.

ಆದರೆ ಸರಾಸರಿಯು ಎಲ್ಲವನ್ನೂ ಹೇಳಲಾರದು. ಲೆಕ್ಕಕ್ಕಾಗಿ ಹೀಗೆ ಭಾವಿಸಿರಿ: ಒಂದು ಸ್ಥಳದಲ್ಲಿ ೨ ತಾಸು ೨೦೦ ಮೈಕ್ರೋಗ್ರಾಂ, ಮಿಕ್ಕ ೨೨ ತಾಸು ೨೦ ಮೈಕ್ರೋಗ್ರಾಂ ಇತ್ತು. ೪೦೦ಕ್ಕೆ ೪೪೦ನ್ನು ಕೂಡಿಸಿ ೨೪ರಿಂದ ಭಾಗಿಸಿದರೆ ಸರಾಸರಿಯು ೩೫. ಇದು ನಮ್ಮ ದೇಶದ ಮಿತಿಯೊಳಗೇ ಇದೆ. ಆದಾಗ್ಯೂ ಆ ಎರಡು ತಾಸು ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಊದಿದ ಹುಡುಗಿಯು ಉಸಿರಾಡಿದ್ದು ೩೫ ಅಲ್ಲ, ೨೦೦. ಆಕೆಯೇ ಸ್ವಲ್ಪ ಹೊತ್ತಿನ ಬಳಿಕ ನಮ್ಮ ತರಗತಿಯಲ್ಲಿ ಕೆಮ್ಮುತ್ತಾ ಕುಳಿತಿರುತ್ತಾಳೆ.

ಆದುದರಿಂದ ತರಗೆಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿರಿ. ಹಸಿ ಸೌದೆಯನ್ನೂ ಒದ್ದೆ ಮಡಲನ್ನೂ ಒಲೆಗಿಡಬೇಡಿರಿ. ಒಲೆ ಉರಿಯುವಾಗ ಕಿಟಕಿ ಬಾಗಿಲುಗಳನ್ನು ತೆರೆದಿಡಿರಿ. ಎಳೆಯ ಮಕ್ಕಳನ್ನು ಅಲ್ಲಿ ಮಲಗಿಸಬೇಡಿರಿ.

ಅಭ್ಯಾಸ: ಒಂದು ವಾರ ಬೆಳಿಗ್ಗೆ ೭ಕ್ಕೂ ಮಧ್ಯಾಹ್ನ ೨ಕ್ಕೂ ಸಂಜೆ ೬ಕ್ಕೂ ನೆರೆಮನೆಯ ಹೊಗೆಯನ್ನು ನೋಡಿರಿ. ಅದು ನೆಟ್ಟಗೆ ಏರುವುದೋ, ಅಡ್ಡಲಾಗಿ ಹರಡುವುದೋ, ಯಾವ ದಿಕ್ಕಿಗೆ ಸಾಗುವುದೋ ಬರೆದಿಟ್ಟು, ಕಾರಣವನ್ನು ತಿಳಿಸಿರಿ.